ಮಾವಿನ ಪುಡಿ ಡಬ್ಬಿಯಲ್ಲಿ ಕಲ್ಲಾಗುತ್ತಿದೆ, ಅನಾನಸ್ ಹೆಪ್ಪುಗಟ್ಟುತ್ತಿಲ್ಲ: ತಪ್ಪು ಎಲ್ಲಿದೆ?

ಒಣಮಾವು
ಎಲ್ಲರಿಗೂ ನಮಸ್ಕಾರ. ಉಷ್ಣವಲಯದ ಹಣ್ಣುಗಳಿಂದ ಹೊಸ ತಿನಿಸುಗಳನ್ನು ಮಾಡಬೇಕೆಂದು ಎರಡು ಹಂಗಾಮುಗಳಿಂದ ಪ್ರಯತ್ನಿಸುತ್ತಿದ್ದೇನೆ. ಈ ಹಣ್ಣುಗಳು ಒಟ್ಟಿಗೇ ಮಾಗುತ್ತವೆ, ಒಟ್ಟಿಗೇ ಕೊಳೆಯುತ್ತವೆ. ಕಣ್ಣೆದುರಿಗೇ ರಾಶಿ ರಾಶಿ ಹಾಳಾಗುವುದನ್ನು ನೋಡಲಾರದೆ ಈ ಕೆಲಸಕ್ಕೆ ಕೈಹಾಕಿದೆ. ಈವರೆಗೆ ಮಾಡಿದ ಮೂರು ಪ್ರಯೋಗಗಳೂ ಕೈಕೊಟ್ಟಿವೆ.

ಮೊದಲನೆಯದು ಮಾವಿನ ಪುಡಿ. ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಸೋಸಿ, ತಟ್ಟೆಗಳಲ್ಲಿ ತೆಳುವಾಗಿ ಹರಡಿ, 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಗಂಟೆ ಒಣಗಿಸಿದೆ. ಆಗ ಸಿಕ್ಕ ಹಾಳೆಯನ್ನು ಬೆಳಕಿಗೆ ಹಿಡಿದರೆ ಬಣ್ಣದ ಗಾಜಿನಂತೆ ಕಾಣುತ್ತಿತ್ತು. ಬಾಗಿಸಿದರೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಇನ್ನೂ ನಾಲ್ಕು ಗಂಟೆ ಒಣಗಿಸಿ ಮಿಕ್ಸಿಗೆ ಹಾಕಿದಾಗ ಮೊದಲ ಅರ್ಧ ನಿಮಿಷ ಪುಡಿಯಾಯಿತು, ಆಮೇಲೆ ಅದೇ ಪುಡಿ ಬ್ಲೇಡಿನ ಸುತ್ತ ಅಂಟಾಗಿ ಮೆತ್ತಿಕೊಂಡಿತು. ಕೆರೆದು ತೆಗೆದು ಡಬ್ಬಿಗೆ ತುಂಬಿಟ್ಟರೆ ನಾಲ್ಕನೆಯ ದಿನಕ್ಕೆ ಡಬ್ಬಿಯೊಳಗೆ ಒಂದೇ ಗಟ್ಟಿ ಉಂಡೆ. ಚಾಕುವಿನ ತುದಿಯೂ ಇಳಿಯಲಿಲ್ಲ.

ಎರಡನೆಯದು ಅನಾನಸ್ ಜೆಲ್ಲಿ. ತಾಜಾ ರಸಕ್ಕೆ ಜೆಲಾಟಿನ್ ಬೆರೆಸಿ ಫ್ರಿಜ್‌ನಲ್ಲಿ ಇಡೀ ರಾತ್ರಿ ಇಟ್ಟರೂ ಬೆಳಿಗ್ಗೆ ನೀರಾಗಿಯೇ ಇತ್ತು. ಜೆಲಾಟಿನ್ ಇಮ್ಮಡಿ ಹಾಕಿದರೂ ಫಲಿತಾಂಶ ಬದಲಾಗಲಿಲ್ಲ. ಮೂರನೆಯದು ಬಾಳೆಹಣ್ಣಿನ ಹಿಟ್ಟು; ಅದು ಒಣಗುವ ಮೊದಲೇ ಕಂದಾಗಿ, ಕೊನೆಗೆ ಮಣ್ಣಿನ ಬಣ್ಣಕ್ಕೆ ತಿರುಗಿತು.

ದೊಡ್ಡ ಯಂತ್ರಗಳಿಲ್ಲದೆ ಇಂಥ ಕೆಲಸ ಸಾಧ್ಯವೇ ಇಲ್ಲವೇ, ಅಥವಾ ನನ್ನ ವಿಧಾನದಲ್ಲೇ ದೋಷವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಅಡುಗೆಮನೆ ಕಿಟಕಿ
ಪುಡಿಯನ್ನು ಡಬ್ಬಿಗೆ ತುಂಬುವ ಮೊದಲು ಪೂರ್ತಿ ಆರಿಸಿದ್ದಿರೇ? ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ.

ಸಕ್ಕರೆಪಾಕ
ಆರಿಸಿದ್ದರೂ ಉಂಡೆ ಕಟ್ಟುತ್ತಿತ್ತು. ಇಲ್ಲಿ ದೋಷ ಮುಚ್ಚಳದ್ದಲ್ಲ, ಮಾವಿನ ಸಕ್ಕರೆಯ ಸ್ವಭಾವದ್ದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಒಂದು ವಿಷಯ ಅರ್ಥವಾದರೆ ಹಣ್ಣಿನ ಪುಡಿಗಳ ಅರ್ಧ ಕಷ್ಟ ತೀರುತ್ತದೆ.

ತಿರುಳನ್ನು ವೇಗವಾಗಿ ಒಣಗಿಸಿದಾಗ ಅದರ ಸಕ್ಕರೆ ಹರಳಾಗುವುದಿಲ್ಲ. ಗಾಜಿನಂಥ ಸ್ಥಿತಿಗೆ ಬರುತ್ತದೆ. ನೀವು ಹಾಳೆಯನ್ನು ಗಾಜಿಗೆ ಹೋಲಿಸಿದಿರಲ್ಲ, ನೋಟಕ್ಕಷ್ಟೇ ಅಲ್ಲ, ಆ ಹೋಲಿಕೆ ವಿಜ್ಞಾನಕ್ಕೂ ಹತ್ತಿರದ್ದು. ಆದರೆ ಈ ಗಾಜು ಒಂದು ನಿರ್ದಿಷ್ಟ ತಾಪಮಾನವನ್ನು ದಾಟಿದರೆ ಮೆತ್ತಗಾಗಿ ಅಂಟಾಗುತ್ತದೆ. ನೀರಿನಂಶ ಒಂದಿಷ್ಟೂ ಇಲ್ಲದ ಸುಕ್ರೋಸ್‌ಗೆ ಆ ಮಿತಿ ಸುಮಾರು 62 ಡಿಗ್ರಿ, ಗ್ಲೂಕೋಸ್‌ಗೆ ಸುಮಾರು 31, ಫ್ರಕ್ಟೋಸ್‌ಗಂತೂ ಕೇವಲ 5 ಡಿಗ್ರಿಯ ಆಸುಪಾಸು. ಮಾವಿನಲ್ಲಿ ಈ ಮೂರು ಬಗೆಯ ಸಕ್ಕರೆಗಳೂ ಇವೆ. ಜೊತೆಗೆ ಹಣ್ಣಿನ ಆಮ್ಲ ಸೇರಿದರೆ ಮಿತಿ ಇನ್ನೂ ಇಳಿಯುತ್ತದೆ. ಗಾಳಿಯಿಂದ ಒಂದಿಷ್ಟು ತೇವ ಹೀರಿದರೆ ಮತ್ತಷ್ಟು ಇಳಿಯುತ್ತದೆ. ಮಿಕ್ಸಿಯ ಬ್ಲೇಡು ಉಜ್ಜಿ ಬಿಸಿಯಾದಾಗ ಪುಡಿ ಅಂಟಾದದ್ದೂ, ಡಬ್ಬಿಯಲ್ಲಿ ಕಣಕ್ಕೆ ಕಣ ಅಂಟಿ ಕಲ್ಲಾದದ್ದೂ ಇದೇ ಕಾರಣದಿಂದ.

ಉದ್ಯಮದಲ್ಲಿ ಇದಕ್ಕೆ ಮಾಲ್ಟೋಡೆಕ್ಸ್ಟ್ರಿನ್ ಬೆರೆಸುತ್ತಾರೆ. ಅದು ಪಿಷ್ಟವನ್ನು ತುಂಡರಿಸಿ ಮಾಡಿದ ಪದಾರ್ಥ. ಅದರ ಅಣುಗಳು ದೊಡ್ಡವು, ಮೆತ್ತಗಾಗುವ ಮಿತಿ ಬಹಳ ಎತ್ತರದ್ದು. ಅದನ್ನು ತಿರುಳಿಗೆ ಬೆರೆಸಿದರೆ ಇಡೀ ಮಿಶ್ರಣದ ಮಿತಿ ಕೋಣೆಯ ತಾಪಮಾನಕ್ಕಿಂತ ಮೇಲೇರುತ್ತದೆ, ಪುಡಿ ಉದುರುದುರಾಗಿ ಉಳಿಯುತ್ತದೆ.

ಅರ್ಧಹಣ್ಣು
ಈ ಸಲಹೆಗೆ ನನ್ನ ತೀವ್ರ ಆಕ್ಷೇಪವಿದೆ. ಎಷ್ಟು ಮಾಲ್ಟೋಡೆಕ್ಸ್ಟ್ರಿನ್ ಬೇಕಾಗುತ್ತದೆ ಎಂಬುದನ್ನು ನೀವು ಹೇಳಲಿಲ್ಲ. ಸಿಹಿಹಣ್ಣುಗಳ ಪುಡಿಯಲ್ಲಿ ಒಣ ತೂಕದ ಅರ್ಧದಷ್ಟು ಅದೇ ಇರುವುದು ಸಾಮಾನ್ಯ. ಅರ್ಧ ಪಿಷ್ಟವಿರುವ ಪದಾರ್ಥಕ್ಕೆ ಮಾವಿನ ಪುಡಿ ಎಂದು ಹೆಸರಿಡುವುದು ತಿನ್ನುವವರಿಗೆ ಮಾಡುವ ಅನ್ಯಾಯ. ರಕ್ತದ ಸಕ್ಕರೆಯ ಮೇಲೆ ನಿಗಾ ಇಡಬೇಕಾದವರಿಗೆ ಅದು ಹಣ್ಣಿನ ಸಕ್ಕರೆಗಿಂತಲೂ ಬೇಗ ಆ ಮಟ್ಟವನ್ನು ಏರಿಸುವ ಪದಾರ್ಥ ಎಂಬುದನ್ನೂ ಮರೆಯಬಾರದು.

ಸಕ್ಕರೆಪಾಕ
ಹೆಸರಿನ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಪೊಟ್ಟಣದ ಮೇಲೆ ಪ್ರಮಾಣವನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ಆದರೆ ಬೆರಕೆ ಇಲ್ಲದ ಮಾವಿನ ಪುಡಿ ಬೇಕೆಂದರೆ ಶೈತ್ಯದಲ್ಲಿ ಒಣಗಿಸುವ ಯಂತ್ರ ಬೇಕು. ಹಾಗೆ ಒಣಗಿಸಿದ್ದೂ ತೇವ ತಾಗಿದ ಕೂಡಲೇ ಅಂಟಾಗುತ್ತದೆ. ಸ್ವಭಾವ ಬದಲಾಗುವುದಿಲ್ಲ.

ತೇವಮಾಪಕ
ಇಬ್ಬರೂ ಪುಡಿಯ ಬಗ್ಗೆಯೇ ವಾದಿಸುತ್ತಿದ್ದೀರಿ. ಮೂಲ ಬರಹದ ಒಂದು ಸಾಲನ್ನು ಯಾರೂ ಗಮನಿಸಲಿಲ್ಲ: ಹತ್ತು ಗಂಟೆಯ ನಂತರ ಬಾಗುವ, ಮುರಿಯದ, ಬೆಳಕು ತೂರುವ ಹಾಳೆ ಸಿಕ್ಕಿತ್ತು. ಅದೇ ಒಂದು ಉತ್ಪನ್ನವಲ್ಲವೇ? ಮಾಗಿದ ಮಾವು ಸಹಜವಾಗಿ ಹಾಳೆಯಾಗಲು ಒಪ್ಪುವ ಹಣ್ಣು, ಪುಡಿಯಾಗಲು ಒಪ್ಪದ ಹಣ್ಣು. ಒಪ್ಪಿದ್ದನ್ನು ಮಿಕ್ಸಿಗೆ ಹಾಕಿ ಒಪ್ಪದ್ದನ್ನು ಮಾಡಲು ಹೋಗಿದ್ದೀರಿ.

ಹಾಳೆಯಲ್ಲಿ ಸುಮಾರು ಶೇ 15ರಿಂದ 20ರಷ್ಟು ತೇವವಿದ್ದರೆ ಮೃದುತ್ವ ಉಳಿಯುತ್ತದೆ. ಆದರೆ ಕೆಡುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ತೇವದ ಪ್ರಮಾಣವಲ್ಲ, ಸೂಕ್ಷ್ಮಜೀವಿಗಳ ಕೈಗೆ ಸಿಗುವ ನೀರು. ಅದನ್ನು ಜಲಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿಗೆ 1 ಎಂದು ಲೆಕ್ಕ, 0.6ಕ್ಕಿಂತ ಕೆಳಗಿಳಿದರೆ ಬೂಷ್ಟೂ ಬೆಳೆಯದು, ಯೀಸ್ಟೂ ಬೆಳೆಯದು. ಸಕ್ಕರೆ ಹೆಚ್ಚಿರುವ ಹಣ್ಣು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುವುದರಿಂದ ಮೆತ್ತಗಿದ್ದೂ ಕೆಡದೆ ಉಳಿಯಬಲ್ಲದು. ದೊಡ್ಡ ಯಂತ್ರದ ಯೋಚನೆ ಬಿಡಿ, ಮೊದಲು ಇದನ್ನು ಅಳೆಯುವ ಚಿಕ್ಕ ಉಪಕರಣದ ಬಗ್ಗೆ ಯೋಚಿಸಿ.

ಒಣಮಾವು
ಹಾಳೆಯನ್ನು ನಾನು ಪುಡಿಯ ದಾರಿಯಲ್ಲಿನ ಒಂದು ಹಂತವೆಂದು ಮಾತ್ರ ನೋಡಿದ್ದೆ. ತುಂಬಾ ಧನ್ಯವಾದಗಳು. ಅನಾನಸ್ ಬಗ್ಗೆಯೂ ಯಾರಾದರೂ ಹೇಳುವಿರಾ?

ಹುಳಿಸಿಹಿ
ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಜೆಲಾಟಿನ್ ಎಂದರೆ ಪ್ರೋಟೀನೇ. ನೀವು ಇಮ್ಮಡಿ ಹಾಕಿದರೆ ಕಿಣ್ವಕ್ಕೆ ಇಮ್ಮಡಿ ಆಹಾರ ಸಿಕ್ಕಿತು, ಅಷ್ಟೇ. ರಸವನ್ನು ಕೆಲವು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಬೆರೆಸಿದರೆ ಹೆಪ್ಪುಗಟ್ಟುತ್ತದೆ. ಡಬ್ಬಿಯಲ್ಲಿ ಸಂಸ್ಕರಿಸಿದ ಅನಾನಸ್ ಹಾಕಿದಾಗ ಜೆಲ್ಲಿ ಸರಿಯಾಗಿ ಬರುವುದು ಇದೇ ಕಾರಣಕ್ಕೆ; ಅದು ಆಗಲೇ ಬೆಂದಿರುತ್ತದೆ. ಹಸಿ ಪಪ್ಪಾಯಿಯ ಹಾಲಿನಲ್ಲಿರುವ ಪಪೈನ್ ಕೂಡ ಇದೇ ಜಾತಿಯದು.

ತೋಟದ ದಾರಿ
ಕುದಿಸಿದರೆ ತಾಜಾ ಅನಾನಸ್‌ನ ಘಮ ಉಳಿಯುವುದಿಲ್ಲ. ಅದರ ಪರಿಮಳವೆಲ್ಲ ಎಸ್ಟರ್ ಎಂಬ, ಬೇಗ ಹಾರಿಹೋಗುವ ಸಂಯುಕ್ತಗಳಲ್ಲಿದೆ. ಹಾಗಾಗಿ ಜೆಲಾಟಿನ್ ಕೈಬಿಟ್ಟು ಅಗರ್ ಬಳಸಿ.

ಅಡುಗೆಮನೆ ಕಿಟಕಿ
ಅಗರನ್ನೂ ಕಿಣ್ವ ಕರಗಿಸುವುದಿಲ್ಲವೇ?

ತೋಟದ ದಾರಿ
ಇಲ್ಲ. ಅಗರ್ ಕಡಲಪಾಚಿಯಿಂದ ಬರುವ ಕಾರ್ಬೋಹೈಡ್ರೇಟ್, ಬ್ರೊಮೆಲೈನ್ ಅದನ್ನು ಮುಟ್ಟಲಾರದು. ಆದರೆ ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಹುಳಿರಸದೊಂದಿಗೆ ಅಗರನ್ನು ಬಹಳ ಹೊತ್ತು ಕುದಿಸಿದರೆ ಆಮ್ಲ ಅದನ್ನು ಮುರಿಯುತ್ತದೆ, ಹೆಪ್ಪು ಬಲಹೀನವಾಗುತ್ತದೆ. ಅಗರನ್ನು ಸ್ವಲ್ಪ ನೀರಿನಲ್ಲಿ ಬೇರೆಯಾಗಿ ಕುದಿಸಿ ಪೂರ್ತಿ ಕರಗಿಸಿ, ಒಲೆಯಿಂದ ಇಳಿಸಿ, ಉಗುರುಬೆಚ್ಚಗಿನ ರಸವನ್ನು ಕೊನೆಯಲ್ಲಿ ಬೆರೆಸಿ. ಸುಮಾರು 35ರಿಂದ 40 ಡಿಗ್ರಿಗೆ ಇಳಿದಾಗ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಮತ್ತೆ ಕರಗಬೇಕಾದರೆ 85 ಡಿಗ್ರಿಯವರೆಗೆ ಬಿಸಿಯಾಗಬೇಕು. ರಸ ತೀರಾ ತಣ್ಣಗಿದ್ದರೆ ಮಾತ್ರ ಬೆರೆಸುವಾಗಲೇ ಗಂಟುಗಂಟಾಗುತ್ತದೆ. ನನಗೆ ಮೊದಲ ಸಲ ಹಾಗೆಯೇ ಆಗಿತ್ತು, ಪಾತ್ರೆಯ ತುಂಬ ಮೀನಿನ ಮೊಟ್ಟೆಯಂಥ ಕಾಳುಗಳು.

ಮೊಸರುಕುಡಿಕೆ
ನನ್ನದೊಂದು ಅನುಭವ. ತಾಜಾ ಅನಾನಸ್ ತುಂಡುಗಳನ್ನು ಸಿಹಿಮೊಸರಿಗೆ ಬೆರೆಸಿ ಮಾರಾಟದ ಮಾದರಿ ಸಿದ್ಧಪಡಿಸಿದ್ದೆ. ಬೆರೆಸಿದ ಹತ್ತು ನಿಮಿಷಕ್ಕೆ ರುಚಿ ನೋಡಿದವರೆಲ್ಲ ಮೆಚ್ಚಿದರು. ಮರುದಿನ ಬೆಳಿಗ್ಗೆ ಅದೇ ಬಟ್ಟಲನ್ನು ತೆರೆದರೆ ಮೇಲೆ ನೀರು ನಿಂತಿತ್ತು, ಬಾಯಿಗಿಟ್ಟರೆ ನಾಲಿಗೆಯ ಹಿಂಭಾಗದಲ್ಲಿ ಔಷಧಿಯಂಥ ಕಹಿ. ಮೊಸರು ಕೆಟ್ಟಿದೆ ಎಂದುಕೊಂಡು ಹಾಲು ಕೊಟ್ಟವರ ಮೇಲೆ ಸಿಟ್ಟು ಮಾಡಿಕೊಂಡೆ, ತಪ್ಪು ಅವರದಾಗಿರಲಿಲ್ಲ. ಹಾಲಿನ ಪ್ರೋಟೀನು ತುಂಡಾದಾಗ ಕಹಿ ರುಚಿಯ ಪೆಪ್ಟೈಡ್‌ಗಳು ಹುಟ್ಟುತ್ತವೆ ಎಂಬುದು ನನಗೆ ಗೊತ್ತಾಗಲು ಇನ್ನೂ ಮೂರು ಬಟ್ಟಲು ಹಾಳಾಗಬೇಕಾಯಿತು. ಈಗ ತುಂಡುಗಳನ್ನು ಸಕ್ಕರೆಪಾಕದಲ್ಲಿ ಬೇಯಿಸಿ, ಆರಿಸಿ ಬೆರೆಸುತ್ತೇನೆ.

ಹಸಿರುಗೊನೆ
ಬಾಳೆಯ ಬಗ್ಗೆ ನಾನು ಹೇಳುತ್ತೇನೆ. ಮಾಗಿದ ಬಾಳೆಯಿಂದ ಹಿಟ್ಟು ಮಾಡಲು ಹೋದದ್ದೇ ಮೊದಲ ತೊಡಕು. ಕಾಯಿಯಾಗಿದ್ದಾಗ ಬಾಳೆಯ ತಿರುಳಿನ ಶೇ 20ರಿಂದ 25ರಷ್ಟು ಪಿಷ್ಟ. ಪೂರ್ತಿ ಮಾಗಿದಾಗ ಅದು ಶೇ 1 ಅಥವಾ 2ಕ್ಕೆ ಇಳಿದು, ಉಳಿದದ್ದೆಲ್ಲ ಸಕ್ಕರೆಯಾಗಿರುತ್ತದೆ. ಅಂದರೆ ಒಂದೇ ಗೊನೆ ಒಂದು ವಾರದ ಅಂತರದಲ್ಲಿ ಎರಡು ಬೇರೆ ಬೇರೆ ಕಚ್ಚಾವಸ್ತು. ಹಿಟ್ಟು ಬೇಕಿದ್ದರೆ ಕಾಯಿ, ಸಿಹಿ ಬೇಕಿದ್ದರೆ ಹಣ್ಣು. ಮಾಗಿದ ಬಾಳೆಯ ಹಿಟ್ಟೂ ನಿಮ್ಮ ಮಾವಿನ ಪುಡಿಯ ದಾರಿಯನ್ನೇ ಹಿಡಿಯುತ್ತದೆ.

ಕಂದಾಗುವುದಕ್ಕೆ ಕಾರಣ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಕತ್ತರಿಸಿದ ಕೂಡಲೇ ಗಾಳಿ ತಾಗಿ ಕೆಲಸ ಶುರುಮಾಡುತ್ತದೆ. ಸಿಟ್ರಿಕ್ ಆಮ್ಲ ಅಥವಾ ನಿಂಬೆರಸ ಬೆರೆಸಿದ ನೀರಿನೊಳಗೇ ಕಾಯಿಯ ಸಿಪ್ಪೆ ಸುಲಿಯಿರಿ, ಅದರೊಳಗೇ ಬಿಲ್ಲೆಗಳಾಗಿ ಬೀಳಲಿ. ಸ್ವಲ್ಪ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಇದ್ದರೆ ಇನ್ನೂ ಒಳ್ಳೆಯದು. ಹದಿನೈದು ನಿಮಿಷ ನೆನೆಸಿ, ಒಂದರ ಮೇಲೊಂದು ಬೀಳದಂತೆ ಹರಡಿ, 50 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿ. ಮುರಿದರೆ ಚಟ್ ಎಂದು ಸದ್ದು ಬರಬೇಕು.

ಅರ್ಧಹಣ್ಣು
ಕಂದಾಗುವುದನ್ನು ತಡೆಯುವ ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಲವಣ ಹಾಕಿದರೆ ಇಷ್ಟೆಲ್ಲ ರಗಳೆಯಿಲ್ಲ ಎನ್ನುವವರಿದ್ದಾರೆ. ಅಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಉಸಿರು ಕಟ್ಟಿಸುತ್ತದೆ. ಬಳಸುವುದೇ ಆದರೆ ನಿಗದಿತ ಮಿತಿಯೊಳಗೆ, ಪೊಟ್ಟಣದ ಮೇಲೆ ಬರೆದೇ ಬಳಸಬೇಕು.

ಹಿಟ್ಟುಜರಡಿ
ಬಾಳೆಕಾಯಿ ಹಿಟ್ಟಿನಲ್ಲಿ ಜೀರ್ಣವಾಗದ ಪಿಷ್ಟ ಹೇರಳವಾಗಿದೆ, ಕರುಳಿಗೆ ಬಹಳ ಒಳ್ಳೆಯದು. ನಾನು ಅದರಿಂದ ಬಿಸ್ಕತ್ತು ಮಾಡುತ್ತೇನೆ, ಆ ಗುಣ ಹಾಗೆಯೇ ಉಳಿಯುತ್ತದೆ.

ಹಸಿರುಗೊನೆ
ಮೊದಲ ವಾಕ್ಯ ಸರಿ, ಎರಡನೆಯದನ್ನು ತಿದ್ದಬೇಕು. ಆ ಪಿಷ್ಟ ಜೀರ್ಣಕ್ಕೆ ಜಗ್ಗದಿರುವುದು ಅದರ ಕಣಗಳು ಹಸಿಯಾಗಿ, ಬಿಗಿಯಾಗಿರುವವರೆಗೆ ಮಾತ್ರ. ನೀರಿನ ಜೊತೆಗೆ 70 ಡಿಗ್ರಿಯ ಆಸುಪಾಸಿಗೆ ಬಂದರೆ ಕಣ ಉಬ್ಬಿ ಒಡೆಯುತ್ತದೆ, ಆಮೇಲೆ ಅದು ಸಾಮಾನ್ಯ ಪಿಷ್ಟದಂತೆ ಜೀರ್ಣವಾಗುತ್ತದೆ. ಒಣಗಿಸುವಾಗ 50 ಡಿಗ್ರಿ ಎಂದು ನಾನು ಒತ್ತಿ ಹೇಳಿದ್ದೂ ಅದಕ್ಕೇ. ಬಿಸ್ಕತ್ತಿನ ಹಿಟ್ಟಿನಲ್ಲಿ ನೀರು ಕಡಿಮೆ ಇರುವುದರಿಂದ ಒಂದಿಷ್ಟು ಉಳಿಯಬಹುದು. ಗಂಜಿಯಂತೆ ಕುದಿಸಿದರೆ ಬಹುಪಾಲು ಹೋಗುತ್ತದೆ. ಪೊಟ್ಟಣದ ಮೇಲೆ ಆರೋಗ್ಯದ ಮಾತು ಬರೆಯುವ ಮೊದಲು ಹಿಟ್ಟನ್ನಲ್ಲ, ಬೆಂದ ಬಿಸ್ಕತ್ತನ್ನು ಪರೀಕ್ಷೆಗೆ ಕಳಿಸಿ.

ಹಿಟ್ಟುಜರಡಿ
ಇದು ನನಗೆ ಹೊಸ ವಿಷಯ. ಬಿಸ್ಕತ್ತನ್ನೇ ಪರೀಕ್ಷೆಗೆ ಕಳಿಸುತ್ತೇನೆ.

ತೊಳೆಬೀಜ
ಹಲಸಿನ ಬಗ್ಗೆ ಯಾರೂ ಮಾತನಾಡಲಿಲ್ಲ. ಎಳೆಯ ಹಲಸು ಈಗ ಮಾಂಸಕ್ಕೆ ಬದಲಿಯಾಗಿ ಎಲ್ಲೆಡೆ ಹೆಸರು ಮಾಡುತ್ತಿದೆ. ಪ್ರೋಟೀನಿನ ಕೊರತೆಗೂ ಇದೇ ಪರಿಹಾರ.

ತೇವಮಾಪಕ
ದಯವಿಟ್ಟು ಆ ಕೊನೆಯ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹಲಸಿನ ತೊಳೆಯಲ್ಲಿ 100 ಗ್ರಾಂಗೆ 2 ಗ್ರಾಂ ಆಸುಪಾಸಿನ ಪ್ರೋಟೀನ್ ಮಾತ್ರ ಇದೆ. ಎಳೆಯ ಹಲಸು ಕೊಡುವುದು ನಾರುನಾರಾದ ಕಚ್ಚು, ಜೊತೆಗೆ ಯಾವ ಮಸಾಲೆ ಹಾಕಿದರೂ ಹೀರಿಕೊಳ್ಳುವ ಸಪ್ಪೆ ತಿರುಳು. ಅದು ದೊಡ್ಡ ಗುಣವೇ. ಆದರೆ ಪ್ರೋಟೀನ್ ಬೇಕಿದ್ದರೆ ಕಾಳಿನ ಹಿಟ್ಟನ್ನೋ ಸೋಯಾವನ್ನೋ ಸೇರಿಸಲೇಬೇಕು.

ತೊಳೆಬೀಜ
ಒಪ್ಪುತ್ತೇನೆ, ಬೀಜದ ಲೆಕ್ಕವನ್ನು ತೊಳೆಗೆ ಹಾಕಿಬಿಟ್ಟೆ. ಬೀಜದಲ್ಲಿ ಪ್ರೋಟೀನೂ ಪಿಷ್ಟವೂ ತೊಳೆಗಿಂತ ಹೆಚ್ಚು. ಹಸಿಬೀಜದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೊಂದಿದೆ, ಬೇಯಿಸಿದರೆ ಅದು ಹೋಗುತ್ತದೆ. ಬೀಜವನ್ನು ಎಸೆಯುವವರಿಗೆ ಒಂದು ಸಂಗತಿ ಹೇಳಬೇಕು: 2017ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದ ಸಂಶೋಧಕರು ಹಲಸಿನ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು ಚಾಕೊಲೇಟಿನಂಥ ಪರಿಮಳ ಬರಿಸಬಹುದೆಂದು ತೋರಿಸಿದರು. ಕೋಕೋ ಕೂಡ ಉಷ್ಣವಲಯದ ಹಣ್ಣೊಂದರ ಬೀಜವೇ. ಅದರ ಪರಿಮಳವೂ ಹುದುಗುವಾಗ ಮತ್ತು ಹುರಿಯುವಾಗ ಹುಟ್ಟುವಂಥದ್ದು. ನಾನು ಮನೆಯಲ್ಲಿ ಹುರಿದು ನೋಡಿದೆ. ಹುದುಗಿಸದೆ ಹುರಿದ ಬೀಜ ಸುಟ್ಟ ಕಡಲೆಯಂತೆ ವಾಸನೆ ಬಂತು. ತಿರುಳಿನೊಂದಿಗೆ ಹಲವು ದಿನ ಹುದುಗಿಸಿದ ಬೀಜವನ್ನು ಹುರಿದಾಗ ಬಾಣಲೆಯ ಮೇಲಿನ ಹಬೆಯಲ್ಲಿ ನಿಜವಾಗಿಯೂ ಕೋಕೋದ ನೆರಳಿತ್ತು.

ಬಿಲ್ಲೆ
ಹಲಸಿನ ಚಿಪ್ಸ್ ಮಾಡುವವರು ನಿರ್ವಾತದಲ್ಲಿ ಕರಿಯುವ ವಿಧಾನವನ್ನು ಗಮನಿಸಬೇಕು. ಒತ್ತಡ ಇಳಿಸಿದರೆ ನೀರು ಕಡಿಮೆ ಶಾಖದಲ್ಲೇ ಕುದಿದುಹೋಗುವುದರಿಂದ ಎಣ್ಣೆ 90ರಿಂದ 120 ಡಿಗ್ರಿ ಇದ್ದರೆ ಸಾಕು. ಮಾಗಿದ, ಸಿಹಿಯಾದ ತೊಳೆಯೂ ಕಪ್ಪಾಗದೆ ಗರಿಗರಿಯಾಗುತ್ತದೆ. ಮಾಮೂಲಿ ಬಾಣಲೆಯಲ್ಲಿ ಅದೇ ತೊಳೆಯ ಸಕ್ಕರೆ ಒಳಗೆ ಒಣಗುವ ಮೊದಲೇ ಹೊರಗೆ ಸೀದುಹೋಗುತ್ತದೆ.

ಸೀಸೆಮುಚ್ಚಳ
ನನಗೊಂದು ಪ್ರಶ್ನೆ. ಪಪ್ಪಾಯಿ ತಿರುಳನ್ನು ಕುದಿಸಿ, ಸ್ವಲ್ಪ ಸಕ್ಕರೆ ಹಾಕಿ, ಬಿಸಿಯಾಗಿರುವಾಗಲೇ ಸೀಸೆಗೆ ತುಂಬಿ ಭದ್ರವಾಗಿ ಮುಚ್ಚುತ್ತಿದ್ದೇನೆ. ಫ್ರಿಜ್ ಇಲ್ಲದೆಯೇ ಒಂದು ತಿಂಗಳಾದರೂ ಬೂಷ್ಟು ಬಂದಿಲ್ಲ. ಇದನ್ನು ಮಾರಾಟಕ್ಕೆ ಇಡಬಹುದಲ್ಲವೇ?

ತೇವಮಾಪಕ
ಇಡಬೇಡಿ. ಇರುವ ಸೀಸೆಗಳನ್ನು ಯಾರಿಗೂ ಕೊಡಬೇಡಿ, ನೀವೂ ರುಚಿ ನೋಡಬೇಡಿ.

ಕಾರಣ ಹೇಳುತ್ತೇನೆ. ಬೂಷ್ಟು ಕಣ್ಣಿಗೆ ಕಾಣುತ್ತದೆ, ಬೊಟುಲಿಸಂ ಎಂಬ ಮಾರಣಾಂತಿಕ ಕಾಯಿಲೆ ತರುವ ವಿಷ ಕಾಣುವುದಿಲ್ಲ. ಆ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿರುತ್ತವೆ, 100 ಡಿಗ್ರಿಯ ಕುದಿತವನ್ನೂ ತಡೆದುಕೊಳ್ಳುತ್ತವೆ. ಗಾಳಿಯಿಲ್ಲದ, ಮುಚ್ಚಿದ ಸೀಸೆಯೇ ಅವುಗಳಿಗೆ ಮೊಳೆಯಲು ಬೇಕಾದ ಜಾಗ. ಅವನ್ನು ತಡೆಯುವುದು ಆಮ್ಲ: ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಅನಾನಸ್‌ನ ಪಿಎಚ್ 3.2ರಿಂದ 4ರ ಒಳಗಿರುತ್ತದೆ, ಹಾಗಾಗಿ ಅದಕ್ಕೆ ಕುದಿತ ಸಾಕಾಗುತ್ತದೆ. ಪಪ್ಪಾಯಿಯದು 5.2ರಿಂದ 6. ಬಾಳೆಹಣ್ಣು ಸಾಮಾನ್ಯವಾಗಿ 4.5ರಿಂದ 5.2. ನಾಲಿಗೆಗೆ ಎಲ್ಲವೂ ಹಣ್ಣೇ, ಸೀಸೆಯೊಳಗೆ ಹಾಗಲ್ಲ.

ಸೀಸೆಮುಚ್ಚಳ
ಸಕ್ಕರೆಯೇ ಸಂರಕ್ಷಕವಲ್ಲವೇ? ಜಾಮ್ ಕೆಡುವುದಿಲ್ಲವಲ್ಲ.

ಸಕ್ಕರೆಪಾಕ
ಜಾಮ್‌ನಲ್ಲಿ ಕರಗಿದ ಘನಾಂಶ ಶೇ 65ರ ಆಸುಪಾಸು ಇರುತ್ತದೆ, ಜೊತೆಗೆ ಆಮ್ಲವೂ ಇರುತ್ತದೆ. ಸ್ವಲ್ಪ ಸಕ್ಕರೆ ಹಾಕಿದ ತಿರುಳು ಜಾಮ್ ಆಗುವುದಿಲ್ಲ. ಪಪ್ಪಾಯಿಯನ್ನು ಸೀಸೆಯಲ್ಲಿ ಹೊರಗೆ ಇಡಲೇಬೇಕೆಂದರೆ ಸಿಟ್ರಿಕ್ ಆಮ್ಲ ಬೆರೆಸಿ ಪಿಎಚ್ 4ರ ಆಸುಪಾಸಿಗೆ ಇಳಿಸಿ, ಪ್ರತಿ ಪಾತ್ರೆಯನ್ನೂ ಮಾಪಕದಿಂದ ಅಳೆದು, ಅಳತೆಯನ್ನು ಬರೆದಿಟ್ಟು, ಆಮೇಲೆ ಸಂಸ್ಕರಿಸಬೇಕು. ಮಾವಿನ ವಿಷಯದಲ್ಲೂ ಕಣ್ಣಂದಾಜು ಬೇಡ. ಹಣ್ಣು ಮಾಗಿದಷ್ಟೂ ಹುಳಿ ಕಡಿಮೆಯಾಗುತ್ತದೆ, ತಳಿಯಿಂದ ತಳಿಗೆ ವ್ಯತ್ಯಾಸವಿದೆ.

ಹುಳಿಸಿಹಿ
ಪಪ್ಪಾಯಿಗೆ ಪ್ಯಾಶನ್ ಫ್ರೂಟ್ ರಸ ಬೆರೆಸಿ ನೋಡಿ. ಅದರ ಪಿಎಚ್ 3ರ ಹತ್ತಿರ. ಹುಳಿಯೂ ಬಂತು, ಪಪ್ಪಾಯಿಗಿಲ್ಲದ ಪರಿಮಳವೂ ಬಂತು. ಅಳತೆಯನ್ನು ಮಾತ್ರ ಬಿಡುವಂತಿಲ್ಲ.

ಸೀಸೆಮುಚ್ಚಳ
ಹದಿನೇಳು ಸೀಸೆಗಳಿದ್ದವು, ಒಂದನ್ನೂ ತೆರೆಯದೆ ಬೇರೆಯಾಗಿ ತೆಗೆದಿಟ್ಟಿದ್ದೇನೆ. ನೀವು ಹೇಳದಿದ್ದರೆ ಈ ವಾರವೇ ಪರಿಚಯದವರಿಗೆ ಹಂಚುತ್ತಿದ್ದೆ. ಇವನ್ನು ಹೇಗೆ ವಿಲೇವಾರಿ ಮಾಡಬೇಕು?

ತೇವಮಾಪಕ
ತೆರೆಯಬೇಡಿ. ಮುಚ್ಚಳ ಭದ್ರವಾಗಿರುವ ಸೀಸೆಗಳನ್ನು ಹಾಗೆಯೇ ಗಟ್ಟಿ ಚೀಲದಲ್ಲಿ ಕಟ್ಟಿ, ಮಕ್ಕಳಿಗೂ ಪ್ರಾಣಿಗಳಿಗೂ ಸಿಗದಂತೆ ಕಸಕ್ಕೆ ಹಾಕಿ. ತಿರುಳನ್ನು ದನಕರುಗಳಿಗೂ ಹಾಕಬಾರದು.

ಬಣ್ಣದಬಟ್ಟಲು
ಸ್ವಲ್ಪ ಬೇರೆ ವಿಷಯ. ಕೆಂಪು ಡ್ರ್ಯಾಗನ್ ಫ್ರೂಟ್‌ನ ಬಣ್ಣವೂ ನೇರಳೆ ಹಣ್ಣಿನಂತೆ, ಹುಳಿ ತಾಗಿದರೆ ಬದಲಾಗುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಎಂದು ಓದಿದ್ದೆ. ಆದರೆ ನಿಂಬೆ ಹಿಂಡಿದರೂ ಬಣ್ಣ ಬದಲಾಗಲೇ ಇಲ್ಲ, ಕುದಿಸಿದಾಗ ಮಾತ್ರ ಮಂಕಾಯಿತು.

ಹಸಿರುಗೊನೆ
ಓದಿದ್ದು ತಪ್ಪು, ನೋಡಿದ್ದು ಸರಿ. ಅದು ಬೀಟ್‌ರೂಟ್‌ನಲ್ಲಿರುವ ಬೀಟಾಲೈನ್ ಗುಂಪಿನ ಬಣ್ಣ. ಪಿಎಚ್ 3ರಿಂದ 7ರವರೆಗೆ ಹೆಚ್ಚು ಕದಲುವುದಿಲ್ಲ, ಶಾಖಕ್ಕೆ ಮಾತ್ರ ಸೋಲುತ್ತದೆ. ಐಸ್‌ಕ್ರೀಮ್, ಮೊಸರಿನಂಥ ತಣ್ಣನೆಯ ಪದಾರ್ಥಕ್ಕೆ ಬಳಸಿದರೆ ಅದರ ಪೂರ್ತಿ ಸೊಬಗು ಸಿಗುತ್ತದೆ.

ತೋಟದ ದಾರಿ
ಶಾಖಕ್ಕೆ ಸೋಲುವ ಇನ್ನೊಂದು ಹಣ್ಣು ಸೀತಾಫಲ. ತಿರುಳನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ, ಬೆಣ್ಣೆಹಣ್ಣೂ ಹಾಗೆಯೇ. ಇವೆರಡನ್ನೂ ಒಲೆಯ ಹತ್ತಿರ ತರಬಾರದು. ತಿರುಳನ್ನು ಕೂಡಲೇ ಘನೀಕರಿಸಿಟ್ಟು ತಣ್ಣಗಿನ ತಿನಿಸುಗಳಿಗೆ ಬಳಸಬೇಕು.

ತೊಳೆಬೀಜ
ಮಾವಿನ ಓಟೆಯನ್ನೂ ಯಾರೂ ಎಸೆಯಬಾರದು ಎಂದು ನನ್ನ ಒತ್ತಾಯ. ಅದರೊಳಗಿನ ಬೀಜದ ಕೊಬ್ಬು ಕೋಕೋ ಬೆಣ್ಣೆಯನ್ನು ಎಷ್ಟು ಹೋಲುತ್ತದೆಯೆಂದರೆ, ಐರೋಪ್ಯ ಒಕ್ಕೂಟ 2000ನೇ ಇಸವಿಯಲ್ಲಿ ಚಾಕೊಲೇಟಿಗೆ ಶೇ 5ರವರೆಗೆ ಸೇರಿಸಲು ಅನುಮತಿಸಿದ ಆರು ಸಸ್ಯಕೊಬ್ಬುಗಳಲ್ಲಿ ಅದೂ ಒಂದು.

ಅರ್ಧಹಣ್ಣು
ಬೀಜದ ಮಾತು ಸರಿ, ಸಿಪ್ಪೆಯ ವಿಷಯದಲ್ಲಿ ಜಾಗ್ರತೆ. ಮಾವು ಗೇರುಮರದ ಕುಟುಂಬದ್ದು. ಅದರ ಸಿಪ್ಪೆ ಮತ್ತು ಸೊನೆಯಲ್ಲಿರುವ ಅಂಶಗಳು ಕೆಲವರಿಗೆ ತುಟಿಯಲ್ಲಿ, ಕೈಯಲ್ಲಿ ಗುಳ್ಳೆ ಎಬ್ಬಿಸುತ್ತವೆ. ಸಿಪ್ಪೆಯ ಪುಡಿಯನ್ನು ನಾರಿನಂಶವೆಂದು ತಿನಿಸಿಗೆ ಬೆರೆಸುವವರು ಇದನ್ನು ಮೊದಲೇ ತಿಳಿಸಬೇಕು. ಇನ್ನೂ ಗಂಭೀರವಾದದ್ದು ನಕ್ಷತ್ರದಾಕಾರದ ಕರಂಬೋಲ ಹಣ್ಣು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದು ಪ್ರಾಣಾಪಾಯ ತರಬಲ್ಲದು. ನಿಲ್ಲದ ಬಿಕ್ಕಳಿಕೆ, ಮಂಕು, ಸೆಳವು ಕಾಣಿಸಿಕೊಳ್ಳುತ್ತವೆ. ಅದರಲ್ಲಿ ಮೂತ್ರಪಿಂಡಕ್ಕೆ ತೊಂದರೆ ಕೊಡುವ ಆಕ್ಸಲೇಟ್ ಇರುವುದು ಮೊದಲೇ ಗೊತ್ತಿತ್ತು. ನರಗಳಿಗೆ ಹಾನಿಮಾಡುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಬ್ರೆಜಿಲ್‌ನ ಸಂಶೋಧಕರು 2013ರಲ್ಲಿ ಗುರುತಿಸಿದರು. ರಸವನ್ನು ಸಾಂದ್ರಗೊಳಿಸಿ ಪಾನೀಯ ಮಾಡುವವರು ಅಪಾಯವನ್ನೂ ಸಾಂದ್ರಗೊಳಿಸುತ್ತಾರೆ.

ಮೊಸರುಕುಡಿಕೆ
ಅನಾನಸ್‌ನ ಸಿಪ್ಪೆ, ನಡುದಿಂಡು ಉಳಿಯುತ್ತದಲ್ಲ, ಅದರ ರಸದಿಂದ ಫಿಲಿಪೀನ್ಸ್‌ನಲ್ಲಿ ನಾಟಾ ಮಾಡುತ್ತಾರೆ. ಸಕ್ಕರೆ ಬೆರೆಸಿ, ಹುಳಿಮಾಡಿ, ಒಂದು ಬಗೆಯ ಬ್ಯಾಕ್ಟೀರಿಯಾ ಬೆರೆಸಿ ಅಲುಗಾಡಿಸದೆ ಇಟ್ಟರೆ ಮೇಲ್ಮೈಯಲ್ಲಿ ಸೆಲ್ಯುಲೋಸ್‌ನ ದಪ್ಪ ಪದರ ಬೆಳೆಯುತ್ತದೆ. ತೆಂಗಿನ ನೀರಿನ ನಾಟಾ ಬಂದದ್ದು ಅದರ ನಂತರ. ಅಗಿಯುವಾಗ ಕಚಕಚ ಎನ್ನುವ ಆ ಹದ ಯಾವ ಜೆಲ್ಲಿಗೂ ಇಲ್ಲ.

ಒಣಮಾವು
ಎಲ್ಲರಿಗೂ ಮತ್ತೆ ನಮಸ್ಕಾರ. ಎರಡು ವಾರ ನೀವು ಹೇಳಿದ್ದನ್ನೇ ಮಾಡುತ್ತಿದ್ದೆ.

ಅನಾನಸ್ ಅಗರಿನಲ್ಲಿ ಕಟ್ಟಿತು. ತಟ್ಟೆಯನ್ನು ಓರೆ ಮಾಡಿದರೆ ನಡುಗಿತು, ಹರಿಯಲಿಲ್ಲ. ಕುದಿಸದೆ ಬೆರೆಸಿದ್ದರಿಂದ ಘಮ ತಾಜಾ ಹಣ್ಣಿನದೇ. ಬಾಳೆಕಾಯಿಯನ್ನು ನಿಂಬೆನೀರಿನೊಳಗೆ ಸುಲಿದೆ, ಹಿಟ್ಟು ಕೆನೆಬಣ್ಣಕ್ಕೆ ಬಂತು. ಹಿಂದಿನ ಮಣ್ಣುಬಣ್ಣದ ಹಿಟ್ಟನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಬೆಳೆಯದೆಂದು ನಂಬುವುದು ಕಷ್ಟ.

ಮಾವಿನ ಹಾಳೆಯನ್ನು ಎರಡು ಬಗೆಯಲ್ಲಿ ಮಾಡಿದೆ: ಒಂದು ಪೂರ್ತಿ ಮಾಗಿದ ಹಣ್ಣಿನದು, ಇನ್ನೊಂದಕ್ಕೆ ಕಾಲುಭಾಗ ಹುಳಿಯಿರುವ ಅರೆಮಾಗಿದ ಹಣ್ಣಿನ ತಿರುಳು ಬೆರೆಸಿದ್ದು. ರುಚಿ ನೋಡಿದ ಒಂಬತ್ತು ಜನರಲ್ಲಿ ಏಳು ಜನ ಎರಡನೆಯದನ್ನು ಆರಿಸಿದರು. ಮೊದಲನೆಯದು ಎರಡನೆಯ ತುತ್ತಿಗೇ ಬಾಯಿ ಕಟ್ಟುತ್ತದೆ ಎಂದರು. ಜಲಚಟುವಟಿಕೆ ಅಳೆಸಿದಾಗ 0.58 ಬಂತು. ಪುಡಿಯ ಆಸೆಯನ್ನು ಬಿಟ್ಟಿದ್ದೇನೆ. ಒಂದೇ ತೊಂದರೆ ಉಳಿದಿದೆ: ಹಾಳೆ ತಟ್ಟೆಯಿಂದ ಬಿಡಿಸುವಾಗ ಅಂಚಿನಲ್ಲಿ ಹರಿಯುತ್ತದೆ. ಮುಂದಿನ ವಾರ ಸೀಬೆಹಣ್ಣಿನ ಹಾಳೆಯನ್ನೂ ಮಾಡಬೇಕೆಂದಿದ್ದೇನೆ.

ತೇವಮಾಪಕ
0.58 ಬಹಳ ಒಳ್ಳೆಯ ಅಳತೆ, ಆದರೆ ಪ್ರತಿ ಸಲವೂ ಅಳೆಸಿ. ಅಂಚು ತೆಳುವಾಗಿದ್ದರೆ ನಡುಭಾಗಕ್ಕಿಂತ ಮೊದಲೇ ಅತಿಯಾಗಿ ಒಣಗಿ ಹರಿಯುತ್ತದೆ. ಹರಡುವಾಗ ಅಂಚನ್ನೇ ತುಸು ದಪ್ಪವಾಗಿ ಬಿಡಿ. ಪೂರ್ತಿ ತಣ್ಣಗಾಗುವ ಮೊದಲು, ಇನ್ನೂ ಬೆಚ್ಚಗಿರುವಾಗಲೇ ಬಿಡಿಸಿ, ಆಮೇಲೆ ಆರಿಸಿ ಸುತ್ತಿಡಿ.

ಹುಳಿಸಿಹಿ
ಸೀಬೆಯಲ್ಲಿ ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಅಂಶ ಹೇರಳವಾಗಿರುವುದರಿಂದ ಹಾಳೆ ಮಾವಿಗಿಂತ ಗಟ್ಟಿಯಾಗಿ ಬರುತ್ತದೆ, ಹರಿಯುವ ಭಯ ಕಡಿಮೆ. ಆದರೆ ಅದರ ತಿರುಳಿನಲ್ಲಿ ಕಲ್ಲುಕೋಶಗಳಿವೆ. ಬೀಜ ತೆಗೆಯುವ ಜರಡಿಯಿಂದ ಒಮ್ಮೆ ಸೋಸಿದರೆ ಅವು ಹೋಗುವುದಿಲ್ಲ, ಹಲ್ಲಿಗೆ ಮರಳಿನಂತೆ ಸಿಗುತ್ತವೆ. ತಿರುಳನ್ನು ಬಿಸಿ ಮಾಡಿ, ಇನ್ನೂ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡನೆಯ ಸಲ ಒತ್ತಿ ಸೋಸಿ. ಜರಡಿಯ ಮೇಲೆ ಉಳಿದದ್ದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರೆ ಯಾಕೆ ಹೇಳಿದೆ ಎಂದು ಕೂಡಲೇ ತಿಳಿಯುತ್ತದೆ.